ಸುಸ್ತಾದ ಹೆಂಗಸಿನ ಕಟ್ಟುಕತೆ

ಮಾರ್ಚ್ 8 ಹತ್ತಿರ ಬಂದರೆ ಸಾಕು, ಆಫೀಸಿನ ಸ್ಲೈಡುಗಳಲ್ಲಿ ರೋಸಾ ಪಾರ್ಕ್ಸ್ ಹಾಜರು. ದಿನವಿಡೀ ಹೊಲಿಗೆ ಮಾಡಿ ಸುಸ್ತಾದ ಹೆಂಗಸು, ಕಾಲು ನೋಯುತ್ತಿತ್ತು, ಬಿಳಿಯನಿಗೆ ಬಸ್ಸಿನ ಸೀಟು ಬಿಡಲಿಲ್ಲ, ಅಮೆರಿಕ ಬದಲಾಯಿತು. ನಾವು ಚಪ್ಪಾಳೆ ತಟ್ಟಿ ಕೇಕ್ ತಿನ್ನುತ್ತೇವೆ. ಸೀಟು ಬಿಡದಿದ್ದದ್ದು ನಿಜ. ಆದರೆ ಸುಸ್ತಿನ ಕತೆ ಎಲ್ಲರಿಗೂ ಹಿತವಾಗಿರುವುದಕ್ಕೆ ಕಾರಣವಿದೆ: ಅದರಲ್ಲಿ ಸಂಘಟನೆಯಿಲ್ಲ, ಸಭೆಯಿಲ್ಲ, ಚಂದಾ ಎತ್ತುವುದಿಲ್ಲ. ಸುಸ್ತಾದ ಒಬ್ಬ ಹೆಂಗಸಿಗೆ ಯಾವ ಮ್ಯಾನೇಜರ್ ಹೆದರುತ್ತಾನೆ?

1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಂಧನವಾದಾಗ ಪಾರ್ಕ್ಸ್ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿಯ ಸ್ಥಳೀಯ ಶಾಖೆಗೆ ಅವರು 1943ರಲ್ಲೇ ಕಾರ್ಯದರ್ಶಿಯಾಗಿದ್ದರು. 1944ರಲ್ಲಿ ರೀಸಿ ಟೇಲರ್ ಎಂಬ ಕಪ್ಪು ತರುಣಿಯ ಮೇಲೆ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ ವಿಚಾರಿಸಲು ಹೋದವರು ಇವರೇ. ಯಾರಿಗೂ ಶಿಕ್ಷೆಯಾಗಲಿಲ್ಲ. ಜನಾಂಗದ ಪ್ರಶ್ನೆಗೆ ಒಂದು ಫೈಲು, ಹೆಣ್ಣಿನ ಪ್ರಶ್ನೆಗೆ ಇನ್ನೊಂದು ಎಂದು ವಿಂಗಡಿಸುವವರು ಟೇಲರ್ ಅವರನ್ನು ಯಾವುದರಲ್ಲಿ ಹಾಕುತ್ತಾರೋ ನೋಡಬೇಕು.

ಇನ್ನು ಸ್ಲೈಡಿಗೆ ಬಾರದ ಹೆಸರು, ಜೋ ಆ್ಯನ್ ರಾಬಿನ್ಸನ್. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರಲ್ಲಿ ಬಹುತೇಕ ಖಾಲಿಯಿದ್ದ ಬಸ್ಸಿನಲ್ಲಿ ಬಿಳಿಯರ ಸಾಲಿನ ಕಡೆ ಕೂತರೆಂದು ಡ್ರೈವರ್ ಮೈಮೇಲೇರಿ ಬಂದಿದ್ದ, ಅಳುತ್ತ ಇಳಿದಿದ್ದರು. ಅತ್ತು ಸುಮ್ಮನಾಗಲಿಲ್ಲ. ಕಪ್ಪು ಮಹಿಳೆಯರ ರಾಜಕೀಯ ಮಂಡಳಿಯ ಅಧ್ಯಕ್ಷೆಯಾಗಿ 1954ರ ಮೇ ತಿಂಗಳಲ್ಲಿ ಮೇಯರ್‌ಗೆ ಪತ್ರ ಬರೆದು, ಬಸ್ಸು ಹತ್ತುವವರಲ್ಲಿ ಮುಕ್ಕಾಲು ಪಾಲು ನಾವೇ, ನಾವು ಬಿಟ್ಟರೆ ಬಸ್ಸು ಓಡದು ಎಂದು ಎಚ್ಚರಿಸಿದರು. ಪಾರ್ಕ್ಸ್ ಬಂಧನವಾದ ರಾತ್ರಿ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿಗೆ ಹೋಗಿ, ಬೆಳಗಿನ ಜಾವದವರೆಗೆ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಸಾವಿರಗಟ್ಟಲೆ ಕರಪತ್ರ ತೆಗೆದರು: ಸೋಮವಾರ ಬಸ್ಸು ಹತ್ತಬೇಡಿ. ಸರ್ಕಾರಿ ಕಾಲೇಜು, ಸರ್ಕಾರದ ಯಂತ್ರ! ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಮಾರ್ಟಿನ್ ಲೂಥರ್ ಕಿಂಗ್ ಚಳವಳಿಯ ಅಧ್ಯಕ್ಷರಾದದ್ದು ಆ ಸೋಮವಾರ, ಜನ ಬಸ್ಸು ಬಿಟ್ಟ ಮೇಲೆ.

ಬಹಿಷ್ಕಾರ ನಡೆದದ್ದು 381 ದಿನ. ಕಾಲ್ನಡಿಗೆಯಲ್ಲಿ ಹೋದವರಲ್ಲಿ ಬಹಳಷ್ಟು ಮಂದಿ ಬಿಳಿಯರ ಮನೆಗೆಲಸದವರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಗೆಳತಿಯರನ್ನು ಕೂಡಿಸಿ ಊಟ, ಕೇಕು ಮಾರಿ ಚಳವಳಿಗೆ ದುಡ್ಡು ಹೊಂದಿಸಿದರು. ಗುಂಪಿಗೆ ಇಟ್ಟ ಹೆಸರು 'ಎಲ್ಲಿಂದಲೂ ಬಾರದ ಕ್ಲಬ್'. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಉತ್ತರ ಅದರಲ್ಲೇ ಇತ್ತು.

ಬಸ್ಸಿನ ಕಾನೂನು ಬಿದ್ದದ್ದೂ ಪಾರ್ಕ್ಸ್ ಮೊಕದ್ದಮೆಯಿಂದಲ್ಲ. 'ಬ್ರೌಡರ್ ವಿರುದ್ಧ ಗೇಲ್' ದಾವೆಯ ತೀರ್ಪನ್ನು 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಾದಿಗಳು ನಾಲ್ವರು ಹೆಂಗಸರು. ಅವರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿಗೆ, ಸೀಟು ಬಿಡದೆ ಜೈಲು ಕಂಡವಳು. ಬಡವರ ಮನೆಯವಳು, ಚಿಕ್ಕವಳು, ಮುಂದೆ ಮದುವೆಗೆ ಮೊದಲೇ ಬಸುರಿ. ಊರಿನ ಮುಖಂಡರು ಅವಳನ್ನು ಮುಂದೆ ನಿಲ್ಲಿಸಲಿಲ್ಲ, ಮರ್ಯಾದಸ್ಥ ಮುಖ ಬೇಕಿತ್ತು. ತಂತ್ರವಾಗಿ ಅದು ಅರ್ಥವಾಗುತ್ತದೆ. 70 ವರ್ಷದ ಮೇಲೂ ನಾವು ಅದೇ ಸೋಸುವಿಕೆ ಮುಂದುವರಿಸುವುದು ಯಾಕೆ?

ಚಳವಳಿಯ ಗಂಡಸರೂ ಕಡಿಮೆಯೇನಲ್ಲ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮುಖ್ಯ ಭಾಷಣಗಳೆಲ್ಲ ಗಂಡಸರವೇ. ಪಾರ್ಕ್ಸ್ ಮುಂತಾದವರನ್ನು ಬೇರೆ ಬೀದಿಯಲ್ಲಿ ನಡೆಸಿದರು. (ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಅಡುಗೆ ಯಾರದು, ವೇದಿಕೆ ಯಾರದು ಎಂದು ಇಲ್ಲಿ ಕೇಳುವುದಿಲ್ಲ.) ರಾಬಿನ್ಸನ್ ಅವರ ನೆನಪುಗಳ ಪುಸ್ತಕ ಹೊರಬರುವಷ್ಟರಲ್ಲಿ 1987 ಆಗಿತ್ತು. ಹೆಸರಿನಲ್ಲೇ ವಿಷಯ ಹೇಳಿದ್ದಾರೆ: ಮಾಂಟ್ಗೊಮರಿ ಬಸ್ ಬಹಿಷ್ಕಾರ ಮತ್ತು ಅದನ್ನು ಶುರು ಮಾಡಿದ ಹೆಂಗಸರು.