ತೊಟ್ಟಿಯ ಮೀನು ಕೆರೆಗೆ ಬೇಡ

ದಸರೆಗೆ ಮೈಸೂರಿಗೆ ಬಂದಾಗ ಮಕ್ಕಳ ಹಟಕ್ಕೆ ಬಣ್ಣದ ಮೀನು ಕೊಳ್ಳುತ್ತೀರಿ. ಕೊಳ್ಳಿ, ತಪ್ಪಿಲ್ಲ. ಎರಡು ಮೂರು ಇಂಚಿನ ಕುಬ್ಜ ಸಿಕ್ಲಿಡ್ ಮೀನುಗಳಿಗೆ ಮನೆಯ ಗಾಜಿನ ತೊಟ್ಟಿಯೇ ಸಾಕು. ದಕ್ಷಿಣ ಅಮೆರಿಕ ಮೂಲದ ರ‍್ಯಾಮ್ ಜಾತಿಗೆ ಮಾತ್ರ ಮೆದು ನೀರು ಬೇಕು. ಗಡಸಾದ ಕೊಳವೆಬಾವಿ ನೀರು ಒಗ್ಗದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಆದರೆ ಮೀನು ಸಾಕಿ ಬೇಸರವಾಯಿತೆಂದು ಕೆರೆಗೆ ಸುರಿಯಬೇಡಿ. ಅದು ಕುಕ್ಕರಹಳ್ಳಿ ಕೆರೆಯಾಗಲಿ, ನಿಮ್ಮೂರ ಕೆರೆಯಾಗಲಿ. ನೀವು ಜಿಲೇಬಿ ಎನ್ನುವ ತಿಲಾಪಿಯಾ ಕೂಡ ಸಿಕ್ಲಿಡ್ ಕುಲದ್ದೇ. ಆಫ್ರಿಕದ ಈ ಮೀನು 1952ರಲ್ಲಿ ಭಾರತಕ್ಕೆ ಬಂತು. ಹೆಣ್ಣು ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ಸಂತತಿ ಬೇಗ ತುಂಬಿಕೊಳ್ಳುತ್ತದೆ. ನೀವು ಬಿತ್ತಿದ ಕಾಟ್ಲಾ, ರೋಹು ಮರಿಗಳ ಮೇವಿಗೆ ಪೈಪೋಟಿ ಹೂಡುತ್ತದೆ. ಕೊನೆಗೆ ಬಲೆ ತುಂಬ ಬೆಲೆಯಿಲ್ಲದ ಸಣ್ಣ ಜಿಲೇಬಿ!

ಕುಬ್ಜ ಮೀನು ಇಷ್ಟು ಕೇಡು ಮಾಡೀತೇ ಎಂದು ಕೇಳಬಹುದು. ಬಿಡುವ ಮುನ್ನ ಅದು ಗೊತ್ತಾಗದು. ಬಿಟ್ಟ ಮೇಲೆ ಮರಳಿ ಹಿಡಿಯಲಾಗದು. ತೊಟ್ಟಿಯ ರೋಗವೂ ಜೊತೆಗೆ ಹೋದೀತು. ಬೇಡವಾದ ಮೀನನ್ನು ಅಂಗಡಿಗೋ, ಸಾಕುವ ನೆರೆಯವರಿಗೋ ಕೊಡಿ. ತೊಟ್ಟಿ ನಿಮ್ಮದು, ಕೆರೆ ಊರಿನದು.