ಬ್ರೌಸರ್ ಟ್ಯಾಲಿ ಆಗದ ದಿನ

ಮಕ್ಕಳೇ, ಹಾಗೂ ಮಕ್ಕಳ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿರುವ ನನ್ನ ಓರಗೆಯ ಅಜ್ಜ ಅಜ್ಜಿಯರೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಕೇಳಿ ನಗುವುದಾದರೆ ನಕ್ಕುಬಿಡಿ. ಆದರೆ ಕೊನೆಯವರೆಗೂ ಓದಿ, ನಿಮ್ಮ ಮನೆಗೂ ಉಪಯೋಗವಾದೀತು.

ನಮ್ಮ ನಡುಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದಕ್ಕೆ ಮೂವರು ಪಾಲುದಾರರು. ಬೆಳಿಗ್ಗೆ ನಾನು, ಪೇಪರ್ ಓದಲು, ಪಿಂಚಣಿ ಜಮಾ ಆಯಿತೇ ಎಂದು ನೋಡಲು. ಮಧ್ಯಾಹ್ನ ನಮ್ಮ ಮನೆಯವಳು. ಅಡುಗೆ ಮತ್ತು ದೇವರನಾಮಕ್ಕೆ. ಸಂಜೆ ಏಳನೇ ತರಗತಿಯ ಮೊಮ್ಮಗಳು ಪುಟ್ಟಿ, ಶಾಲೆಯ ಪ್ರಾಜೆಕ್ಟಿಗೆ. ಮೂವರೂ ಬಳಸುವ ಬ್ರೌಸರ್ ಒಂದೇ, ಫೈರ್‌ಫಾಕ್ಸ್. ಬ್ರೌಸರ್ ಎಂದರೆ ಏನು ಎಂದು ಕೇಳುವ ಅಜ್ಜಿಯರಿಗೆ ಹೇಳುತ್ತೇನೆ: ಅದು ಬ್ಯಾಂಕಿನ ಕೌಂಟರಿನಲ್ಲಿ ಕೂತ ಗುಮಾಸ್ತನ ಹಾಗೆ. ನೀವು ಕೇಳಿದ ಪುಟವನ್ನು ಅಂತರ್ಜಾಲದಿಂದ ತಂದು ನಿಮ್ಮ ಮುಂದೆ ಇಡುವುದು ಅದರ ಕೆಲಸ.

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಗುಮಾಸ್ತನಿಗೆ ತಲೆ ಕೆಟ್ಟಿತು. ಪೇಪರ್ ತೆರೆದರೆ ಅದರ ಪಕ್ಕದಲ್ಲಿ ಯಾವುದೋ ಲಾಟರಿಯ ಪುಟ ತಾನಾಗಿ ತೆರೆದುಕೊಳ್ಳುವುದು. ಅದನ್ನು ಮುಚ್ಚಿದರೆ ಇನ್ನೊಂದು. ಸಾಲದ್ದಕ್ಕೆ ಪರದೆಯ ಕೆಳಗೆ ಬಲಮೂಲೆಯಲ್ಲಿ ಕೆಂಪು ಚೀಟಿಗಳು ಮೇಲೇಳತೊಡಗಿದವು. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂದು ಇಂಗ್ಲಿಷಿನಲ್ಲಿ ಬೆದರಿಕೆ. ಮನೆಯಲ್ಲಿ ನೆಂಟರು ಬೇರೆ ಇದ್ದರು.

ನಾನು ಪುಟ್ಟಿಯನ್ನು ಕರೆದೆ. "ಆಟ ಗೀಟ ಅಂತ ಸಿಕ್ಕಿದ್ದೆಲ್ಲ ಒತ್ತಿ ಕಂಪ್ಯೂಟರ್ ಹಾಳು ಮಾಡಿದ್ದೀಯ. ಇನ್ನು ಮೇಲೆ ಇದನ್ನ ಮುಟ್ಟಬೇಡ" ಎಂದು ಎಲ್ಲರ ಮುಂದೆ ಗದರಿದೆ.

"ನಾನಲ್ಲ ತಾತ" ಎಂದಳು ಅಷ್ಟೇ. ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗ ನೋಡದೆಯೇ, "ಫಾರ್ಮ್ಯಾಟ್ ಮಾಡಬೇಕು ಸಾರ್, ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀವಿ" ಎಂದ. ಎಲ್ಲಾ ಎಂದರೆ? ಮಗನ ಮದುವೆಯ ಫೋಟೋಗಳು, ಪುಟ್ಟಿಯ ನಾಮಕರಣದ ಫೋಟೋಗಳು, ಎಲ್ಲವೂ ಅದರೊಳಗೇ ಇವೆ. ನಿದ್ದೆ ಹತ್ತಲಿಲ್ಲ.

ಕತ್ತಲೆಯಲ್ಲಿ ನಮ್ಮ ಮನೆಯವಳು ಕೇಳಿದಳು: "ರೀ, ಆ ಐನೂರ ನಲವತ್ತು ರೂಪಾಯಿ ಮರೆತುಹೋಯ್ತಾ ನಿಮಗೆ?"

ನನಗೆ ಮಾತೇ ಹೊರಡಲಿಲ್ಲ.

ಅದು 1983ರ ಮಾತು. ಆಗ ನಾನಿದ್ದ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಒಂದು ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಪೆಟ್ಟಿಗೆಯಲ್ಲಿ 540 ರೂಪಾಯಿ ಕಡಿಮೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಎಲ್ಲರ ಕಣ್ಣೂ ಹೊಸದಾಗಿ ಸೇರಿದ್ದ ಕ್ಯಾಷಿಯರ್ ಹುಡುಗನ ಮೇಲೆ ಬಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನಿಗೆ ಗೊತ್ತಾಗುತ್ತಿತ್ತು. ಹುಡುಗ ಬೆವರುತ್ತ ನೋಟು ಎಣಿಸಿದ್ದೇ ಎಣಿಸಿದ್ದು.

ನಮ್ಮ ಹೆಡ್ ಕ್ಯಾಷಿಯರು ಹಳಬರು. ಅವರು ಹೇಳಿದರು: "540 ಒಂಬತ್ತರಿಂದ ಭಾಗವಾಗತ್ತೆ. ಯಾರೋ ಅಂಕಿ ಹಿಂದುಮುಂದು ಬರೆದಿದ್ದಾರೆ, ಮೊದಲು ಅದನ್ನ ಹುಡುಕಿ." ಹುಡುಕಿದೆವು. 1,710 ರೂಪಾಯಿ ಕೊಟ್ಟಿದ್ದ ಒಂದು ಚೆಕ್ಕನ್ನು ಪುಸ್ತಕದಲ್ಲಿ 1,170 ಎಂದು ಬರೆಯಲಾಗಿತ್ತು. ಬರೆದವನು ನಾನು. (ಮಕ್ಕಳೇ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 63 ಮತ್ತು 36 ತೆಗೆದುಕೊಳ್ಳಿ, ಕಳೆದು ನೋಡಿ.)

ಮಾರನೆಯ ಬೆಳಿಗ್ಗೆ ಪುಟ್ಟಿ ಶಾಲೆಗೆ ಹೋಗುವ ಮೊದಲೇ ಅವಳ ಹತ್ತಿರ ಹೋದೆ. "ಸಂಜೆ ಬಂದ ಮೇಲೆ ನನ್ನ ಜೊತೆ ಕೂರ್ತೀಯಾ? ಕಂಪ್ಯೂಟರನ್ನ ಟ್ಯಾಲಿ ಮಾಡೋಣ. ತಪ್ಪು ಯಾರದ್ದು ಅಂತ ಆಮೇಲೆ ನೋಡೋಣ, ತಪ್ಪು ಎಲ್ಲಿದೆ ಅಂತ ಮೊದಲು ನೋಡೋಣ" ಎಂದೆ. ಮುಖ ಊದಿಸಿಕೊಂಡೇ ತಲೆ ಆಡಿಸಿದಳು.

ಸಂಜೆ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಕೂತೆವು. ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ತಾರೀಕು. ಚೆಕ್ಕು ಕೈಗೆ ಬಂದರೆ ಗುಮಾಸ್ತ ಮೊದಲು ನೋಡುವುದು ತಾರೀಕನ್ನು. ಮುಂದಿನ ತಾರೀಕು ಇದ್ದರೆ ಈಗಲೇ ಹಣ ಕೊಡುವಂತಿಲ್ಲ. ಹಳತಾಗಿದ್ದರೂ ಇಲ್ಲ, ಮೊದಲು ಆರು ತಿಂಗಳ ಅವಧಿ ಇತ್ತು, 2012ರ ಏಪ್ರಿಲ್ 1ರಿಂದ ಮೂರೇ ತಿಂಗಳು. ಬ್ರೌಸರಿನದೂ ಇದೇ ಪದ್ಧತಿ. ಸುರಕ್ಷಿತ ಜಾಲತಾಣ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಬರೆದಿರುತ್ತದೆ. ಬ್ರೌಸರ್ ಅದನ್ನು ನಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ ತಾಳೆ ನೋಡುತ್ತದೆ. ಗಡಿಯಾರವೇ ಹತ್ತು ವರ್ಷ ಹಿಂದೆ ಹೋಗಿದ್ದರೆ ಒಳ್ಳೆಯ ತಾಣವೂ ಮುಂದಿನ ತಾರೀಕಿನ ಚೆಕ್ಕಿನಂತೆ ಕಾಣುತ್ತದೆ, 'ಸುರಕ್ಷಿತವಲ್ಲ' ಎಂದು ಬಾಗಿಲು ಹಾಕುತ್ತದೆ. ಹಳೆಯ ಡೆಸ್ಕ್‌ಟಾಪಿನೊಳಗೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ಹೀಗಾಗುವುದುಂಟು. ಎಲ್ಲ ತಾಣಗಳೂ ಒಂದೇ ದಿನ ಕೈಕೊಟ್ಟರೆ ಮೊದಲು ಮೂಲೆಯ ತಾರೀಕನ್ನು ನೋಡಿ. ನಮ್ಮಲ್ಲಿ ತಾರೀಕು ಸರಿಯಾಗಿತ್ತು. ಪುಟ್ಟಿ ನೋಟ್ ಪುಸ್ತಕದಲ್ಲಿ ಟಿಕ್ ಹಾಕಿದಳು.

ಎರಡನೆಯದು ಆ ಕೆಂಪು ಚೀಟಿ. ಅಷ್ಟರಲ್ಲಿ ಒಂದು ಮೇಲೆದ್ದಿತು. ನಾನು ಗಾಬರಿಯಲ್ಲಿ ಮುಚ್ಚಲು ಹೋದರೆ ಪುಟ್ಟಿ ಕೈ ಹಿಡಿದಳು. "ತಾತ, ತಡಿ. ಕೆಳಗೆ ಸಣ್ಣ ಅಕ್ಷರ ನೋಡು." ನೋಡಿದೆ. ಅದರಲ್ಲಿ ಒಂದು ಜಾಲತಾಣದ ಹೆಸರಿತ್ತು. ವೈರಸ್ ಪತ್ತೆಹಚ್ಚಿದ್ದು ನಮ್ಮ ಕಂಪ್ಯೂಟರ್ ಅಲ್ಲ. ಯಾವುದೋ ತಾಣ ನಮ್ಮ ಮನೆಗೆ ಚೀಟಿ ಎಸೆಯುತ್ತಿತ್ತು. ಆದರೆ ಅಂಥ ತಾಣಕ್ಕೆ ನಾವೇ ಅನುಮತಿ ಕೊಡದೆ ಚೀಟಿ ಎಸೆಯಲು ಆಗುವುದಿಲ್ಲ. 'ನೋಟಿಫಿಕೇಷನ್ ಕಳಿಸಲೇ?' ಎಂದು ಅದು ಕೇಳಿದಾಗ ಯಾರೋ 'ಅಲೋ' ಎಂದು ಒತ್ತಿರಬೇಕು.

ಫೈರ್‌ಫಾಕ್ಸಿನ ಬಲಮೂಲೆಯಲ್ಲಿ ಮೂರು ಗೆರೆಗಳಿವೆ. ಅದನ್ನು ಒತ್ತಿ 'ಸೆಟ್ಟಿಂಗ್ಸ್'ಗೆ ಹೋಗಿ, 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯಲ್ಲಿ 'ಪರ್ಮಿಷನ್ಸ್', ಅದರಲ್ಲಿ 'ನೋಟಿಫಿಕೇಷನ್ಸ್' ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಒಂದೇ ಹೆಸರು. ಅದು ರಾಶಿಭವಿಷ್ಯದ ತಾಣ.

ಮನೆಯಲ್ಲಿ ರಾಶಿಭವಿಷ್ಯ ಓದುವವನು ನಾನೊಬ್ಬನೇ. 'ಮುಂದೆ ಓದಲು ಇಲ್ಲಿ ಒತ್ತಿ' ಎಂದಿತ್ತು, ಒತ್ತಿದ್ದೆ. ಆಮೇಲೆ ಇನ್ನೇನೋ ಕೇಳಿತ್ತು, ಅದನ್ನೂ ಒತ್ತಿದ್ದೆ. ಮೂವತ್ತೈದು ವರ್ಷ 'ಓದದೆ ಸಹಿ ಮಾಡಬೇಡಿ' ಎಂದು ಗ್ರಾಹಕರಿಗೆ ಹೇಳಿದವನು ನಾನು! ಪುಟ್ಟಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಆ ಹೆಸರನ್ನು ತೆಗೆದು ಹಾಕಿ ಉಳಿಸಿದೆವು. ಕೆಳಗೆ 'ಹೊಸ ಕೋರಿಕೆಗಳನ್ನು ತಡೆ' ಎಂಬ ಅರ್ಥದ ಒಂದು ಚೌಕವಿತ್ತು, ಅದಕ್ಕೂ ಗುರುತು ಹಾಕಿದೆವು. ಚೀಟಿಗಳು ನಿಂತವು.

ಲಾಟರಿ ಪುಟ ಮಾತ್ರ ಬರುತ್ತಲೇ ಇತ್ತು. ಅಂದರೆ ತಪ್ಪು ಎಂಟ್ರಿ ಎರಡಿವೆ.

ಮೂರನೆಯದು 'ಟ್ರಬಲ್‌ಶೂಟ್ ಮೋಡ್'. ಮೂರು ಗೆರೆಯ ಪಟ್ಟಿಯಲ್ಲಿ 'ಹೆಲ್ಪ್' ಒಳಗೆ ಇದು ಸಿಗುತ್ತದೆ. ಬ್ರೌಸರಿಗೆ ನಾವು ಆಮೇಲೆ ಸೇರಿಸಿದ ಸಣ್ಣ ಸಣ್ಣ ಸಲಕರಣೆಗಳಿರುತ್ತವಲ್ಲ, ಅವಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಟ್ರಬಲ್‌ಶೂಟ್ ಮೋಡಿನಲ್ಲಿ ಅವೆಲ್ಲ ತಾತ್ಕಾಲಿಕವಾಗಿ ರಜೆಯ ಮೇಲೆ ಹೋಗುತ್ತವೆ. ಏನೂ ಅಳಿಸಿಹೋಗುವುದಿಲ್ಲ. ಹಾಗೆ ತೆರೆದು ಪೇಪರ್ ಓದಿದೆವು. ಲಾಟರಿ ಬರಲಿಲ್ಲ! ಕಳ್ಳ ಎಕ್ಸ್‌ಟೆನ್ಷನ್‌ಗಳಲ್ಲೇ ಇದ್ದಾನೆ ಎಂದಾಯಿತು.

ನಾಲ್ಕನೆಯದು ಅರ್ಧ ಮಾಡುವ ಲೆಕ್ಕ. ಬ್ರೌಸರನ್ನು ಮುಚ್ಚಿ ಮಾಮೂಲಿನಂತೆ ತೆರೆದೆವು. ಕಂಟ್ರೋಲ್, ಶಿಫ್ಟ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಬರುತ್ತದೆ. ನಮ್ಮಲ್ಲಿ ಎಂಟು ಇದ್ದವು. ನಾನು ಒಂದೊಂದಾಗಿ ನಿಲ್ಲಿಸಲು ಹೊರಟೆ. ಪುಟ್ಟಿ ತಡೆದಳು: "ನಾಲ್ಕು ಒಟ್ಟಿಗೆ ನಿಲ್ಲಿಸು ತಾತ. ಲಾಟರಿ ನಿಂತರೆ ಆ ನಾಲ್ಕರಲ್ಲಿದೆ, ಇಲ್ಲದಿದ್ದರೆ ಉಳಿದ ನಾಲ್ಕರಲ್ಲಿ." ಎಂಟು ನಾಲ್ಕಾಯಿತು, ನಾಲ್ಕು ಎರಡಾಯಿತು, ಎರಡು ಒಂದಾಯಿತು. ಮೂರೇ ಸಲಕ್ಕೆ ಕಳ್ಳ ಸಿಕ್ಕಿಬಿದ್ದ. ಹದಿನಾರಿದ್ದರೂ ನಾಲ್ಕೇ ಸಲ ಸಾಕಿತ್ತು. ನಾವೂ ಬ್ಯಾಂಕಿನಲ್ಲಿ ಉದ್ದನೆಯ ಕೂಡುವಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ತಾಳೆ ನೋಡುತ್ತಿದ್ದೆವು. ಇವಳಿಗೆ ಯಾರು ಹೇಳಿಕೊಟ್ಟರೋ!

ಕಳ್ಳನ ಹೆಸರು ಕೇಳಿ: ಕಾಗದಗಳನ್ನು ಪಿಡಿಎಫ್ ಮಾಡಿಕೊಡುವ ಒಂದು ಎಕ್ಸ್‌ಟೆನ್ಷನ್. ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರದ ಗಡಿಬಿಡಿಯಲ್ಲಿ ಅದನ್ನು ಹಾಕಿಕೊಂಡವನೂ ನಾನೇ. ಪಟ್ಟಿಯಿಂದ 'ರಿಮೂವ್' ಮಾಡಿದೆವು. ಬ್ರೌಸರ್ ಟ್ಯಾಲಿ ಆಯಿತು. ಫೋಟೋಗಳು ಒಂದೂ ಅಲುಗಲಿಲ್ಲ.

ಇಷ್ಟಕ್ಕೂ ಸರಿಹೋಗದಿದ್ದರೆ ಫೈರ್‌ಫಾಕ್ಸಿನಲ್ಲಿ 'ರಿಫ್ರೆಶ್' ಎಂಬ ಕೊನೆಯ ಮದ್ದಿದೆ. ಅದು ಎಕ್ಸ್‌ಟೆನ್ಷನ್‌ಗಳನ್ನೂ ಬದಲಾದ ಹೊಂದಿಕೆಗಳನ್ನೂ ತೆಗೆಯುತ್ತದೆ. ಬುಕ್‌ಮಾರ್ಕ್, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುತ್ತದೆ. ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡುವ ಮಾತು ಅದಕ್ಕಿಂತ ಬಹಳ ದೂರ.

ಓರಗೆಯವರಿಗೆ ಒಂದು ಎಚ್ಚರಿಕೆ. ಪರದೆಯ ಮೇಲೆ ಬಂದ ಬೆದರಿಕೆಯ ನಂಬರಿಗೆ ಫೋನ್ ಮಾಡಲೇಬೇಡಿ. ಆ ಭಾನುವಾರ ನಾನು ಫೋನ್ ಕೈಗೆತ್ತಿಕೊಂಡಿದ್ದೆ, ಕನ್ನಡಕ ಸಿಗದೆ ಬಚಾವಾದೆ. ಆ ಕಡೆಯವರು ಕಂಪ್ಯೂಟರಿನ ಒಳಗೆ ಬರಲು ದಾರಿ ಕೇಳುತ್ತಾರೆ, ಆಮೇಲೆ ಖಾತೆಗೆ ಕೈ ಹಾಕುತ್ತಾರೆ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಸರ್ಕಾರ ಇಟ್ಟಿರುವ ಸಹಾಯವಾಣಿ ಅದು. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ.

ಆ ಸಂಜೆ ಪುಟ್ಟಿಯ ಮುಖ ಸ್ವಲ್ಪ ಅರಳಿತ್ತು. "ತಾತ, ನಿನಗೂ ಅಜ್ಜಿಗೂ ಬೇಕಾದ ಹಾಗೆ ಇದನ್ನ ಮಾಡಿಕೊಡಲಾ?" ಎಂದಳು. ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ ಎಂದು ತೋರಿಸಿದಳು. ಎಲ್ಲ ತಾಣಕ್ಕೂ ಒಂದೇ ಸಲ ದೊಡ್ಡದಾಗುವಂತೆ ಸೆಟ್ಟಿಂಗ್ಸಿನಲ್ಲೇ ಜೂಮ್ ಏರಿಸಿದಳು. ವಿಂಡೋಸಿನಲ್ಲಿ ಎಫ್9 ಒತ್ತಿದರೆ ಅನೇಕ ಲೇಖನಗಳು ಜಾಹೀರಾತಿಲ್ಲದೆ ಪುಸ್ತಕದ ಹಾಳೆಯಂತೆ ಕಾಣುತ್ತವೆ. ಕಣ್ಣಿನ ಆಪರೇಷನ್ ಆಗಿರುವ ಅಜ್ಜಿಗೆ ಇದು ಬಲು ಹಿಡಿಸಿತು. ಮೇಲಿನ ಪಟ್ಟಿಯಲ್ಲಿ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಕಸ್ಟಮೈಸ್ ಟೂಲ್‌ಬಾರ್' ತೆರೆದು, ಮನೆಯ ಚಿತ್ರ, ಪ್ರಿಂಟರಿನ ಚಿತ್ರಗಳನ್ನು ಎಳೆದು ತಂದು ಕಣ್ಣಿಗೆ ಬೀಳುವಂತೆ ಕೂರಿಸಿದಳು. ಕೊನೆಗೆ ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಿದಳು. ಫೈರ್‌ಫಾಕ್ಸ್ ಕನ್ನಡದಲ್ಲೂ ಸಿಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ನರಿಯ ಚಿತ್ರ ಚೆನ್ನಾಗಿದೆ" ಎಂದಳು ನಮ್ಮ ಮನೆಯವಳು. ನನಗೂ ಒಂದು ವಿಷಯ ಹೇಳುವ ಅವಕಾಶ ಸಿಕ್ಕಿತು. 2002ರಲ್ಲಿ ಈ ಬ್ರೌಸರಿನ ಹೆಸರು ಫೀನಿಕ್ಸ್. ಆ ಹೆಸರಿಗೆ ತಕರಾರು ಬಂದು ಫೈರ್‌ಬರ್ಡ್ ಆಯಿತು. ಅದಕ್ಕೂ ತಕರಾರು ಬಂದು 2004ರಲ್ಲಿ ಫೈರ್‌ಫಾಕ್ಸ್ ಆಯಿತು. ಚಿತ್ರ ನರಿಯಂತಿದ್ದರೂ ಫೈರ್‌ಫಾಕ್ಸ್ ಎಂಬುದು ಕೆಂಪು ಪಾಂಡಾಕ್ಕೆ ಇರುವ ಇನ್ನೊಂದು ಹೆಸರು. ನಮ್ಮ ಸಿಕ್ಕಿಂನ ರಾಜ್ಯಪ್ರಾಣಿ ಅದೇ. ಪುಟ್ಟಿ ತಕ್ಷಣ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಇನ್ನೊಂದು ಎಂಟ್ರಿ ಬಾಕಿ ಇತ್ತು. ಬ್ಯಾಂಕಿನ ಪುಸ್ತಕದಲ್ಲಿ ತಪ್ಪು ಬರೆದರೆ ಉಜ್ಜಿ ಅಳಿಸುವಂತಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಎಲ್ಲರಿಗೂ ಕಾಣುವಂತೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. 1983ರಲ್ಲಿ ಆ ಕ್ಯಾಷಿಯರ್ ಹುಡುಗನ ಹತ್ತಿರ ನಾನು ಪುಸ್ತಕದಲ್ಲಿ ಮಾತ್ರ ತಿದ್ದಿದೆ. ಅವನ ಮುಖ ನೋಡಿ ಒಂದು ಮಾತು ಹೇಳಲಿಲ್ಲ. ಅವನು ವರ್ಗವಾಗಿ ಹೋದ. ಆ ಬಾಕಿ ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ.

ಆ ರಾತ್ರಿ ಊಟದ ಹೊತ್ತಿಗೆ ಮಗ, ಸೊಸೆ, ಇನ್ನೂ ಊರಿಗೆ ಹೊರಡದಿದ್ದ ನೆಂಟರು ಎಲ್ಲರೂ ಇದ್ದರು. ಎಲ್ಲರ ಮುಂದೆ ಗದರಿದ್ದೆನಲ್ಲ, ಎಲ್ಲರ ಮುಂದೆಯೇ ಹೇಳಿದೆ: "ಕಂಪ್ಯೂಟರ್ ಕೆಡಿಸಿದ್ದು ನಾನು. ಸರಿ ಮಾಡಿದ್ದು ಪುಟ್ಟಿ. ನಿನ್ನೆ ಬೈದದ್ದು ತಪ್ಪಾಯ್ತು ಮಗಳೇ."

ಪುಟ್ಟಿ ತಟ್ಟೆ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಹಪ್ಪಳ ಮುರಿದು ಅರ್ಧ ನನ್ನ ಎಲೆಗೆ ಹಾಕಿ ಹೇಳಿದಳು: "ಪರವಾಗಿಲ್ಲ ತಾತ. ಆದರೆ ರಾಶಿಭವಿಷ್ಯ ಇನ್ನು ಮೇಲೆ ಪೇಪರಿನಲ್ಲೇ ಓದು."