ಕಾಲುವೆಯ ದಂಡೆಯನ್ನು ಸೈಕಲ್ಲಿಗೆ ಬಿಡಿರಿ

ಕಳೆದ ಚಳಿಗಾಲದ ಒಂದು ಭಾನುವಾರ ನಸುಕಿನಲ್ಲಿ ನಾವು ಐವರು ಪುಣೆ ಕನ್ನಡಿಗರು, ಎಲ್ಲರೂ ಐವತ್ತೈದು ದಾಟಿದವರು, ಖಡಕ್‌ವಾಸ್ಲಾ ಅಣೆಕಟ್ಟಿನ ಬುಡದಿಂದ ಮುಠಾ ಬಲದಂಡೆ ಕಾಲುವೆಯ ಗುಂಟ ಹಡಪ್ಸರದತ್ತ ಸೈಕಲ್ಲೇರಿ ಹೊರಟೆವು. ಮಹಡಿ ಹತ್ತಲು ಮೊಣಕಾಲು ನೋವೆನ್ನುವವರು ಸೈಕಲ್ ತುಳಿಯುವರೇ ಎಂದು ಐದೂ ಮನೆಗಳಲ್ಲಿ ನಗೆಯಾಗಿತ್ತು.

ಆದರೆ ಕಾಲುವೆಗೂ ಮೊಣಕಾಲಿಗೂ ಒಂದು ಸ್ನೇಹವುಂಟು. ನೀರು ತಾನಾಗಿ ಹರಿಯಬೇಕಾದರೆ ಕಾಲುವೆಯನ್ನು ನೆಲದ ಮಟ್ಟ ಹಿಡಿದು, ಗುಡ್ಡ ಬಂದಲ್ಲಿ ಬಳಸಿ, ಕಾಣದಷ್ಟು ಇಳಿಜಾರಿನಲ್ಲಿ ಒಯ್ಯಬೇಕು. ಆದುದರಿಂದ ಅದರ ದಂಡೆಯಲ್ಲಿ ಏದುಸಿರು ತರುವ ಏರು ಅಪರೂಪ. ಹತ್ತೊಂಬತ್ತನೆಯ ಶತಮಾನದಲ್ಲಿ ಪೈರಿಗೆಂದು ಎಳೆದ ಗೆರೆ ಮುಪ್ಪಿನ ಹೃದಯಕ್ಕೂ ಹಿತವಾಗಿದೆ. ಮೈಭಾರವನ್ನು ಸೀಟು ಹೊರುವುದರಿಂದ ಸವೆದ ಕೀಲಿಗೆ ಪೆಟ್ಟು ಕಡಿಮೆ. ಪೆಡಲು ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಂಡರೆ ಸಾಕು.

ಹೊರಡುವ ಮುನ್ನ ಮಿತ್ರರೊಬ್ಬರು ಅಣೆಕಟ್ಟಿನತ್ತ ಕೈಮುಗಿದರು. ಪುಣೆಯಲ್ಲಿಯೇ ಇಂಜಿನಿಯರಿಂಗ್ ಓದಿದ ನಮ್ಮ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ್ದು ಇಲ್ಲಿಯೇ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದಾಗ ಆ ಪ್ರವಾಹಕ್ಕೆ ಖಡಕ್‌ವಾಸ್ಲಾ ಕಟ್ಟೆಯೂ ಒಡೆಯಿತು. ಇಂದು ನಾವು ಕಾಣುವುದು ಅನಂತರ ಮತ್ತೆ ಕಟ್ಟಿದ್ದನ್ನು.

ಊರು ಹತ್ತಿರವಾದಂತೆ ದಾರಿ ಕೆಟ್ಟಿತು. ಕೆಲವೆಡೆ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ನಡೆದೆವು. ಪರ್ವತಿ ಗುಡ್ಡದ ಸಮೀಪ, ಕೈಮುಗಿದಿದ್ದ ಆ ಮಿತ್ರರೇ ಬೆವೆತು ನಡುಗತೊಡಗಿದರು. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡವರು ಉತ್ಸಾಹದಲ್ಲಿ ತಿಂಡಿಯನ್ನೇ ಬಿಟ್ಟಿದ್ದರು! ರಕ್ತದ ಸಕ್ಕರೆ ಇಳಿದಿತ್ತು. ಜೇಬಿನಲ್ಲಿದ್ದ ಬೆಲ್ಲ ತಿನ್ನಿಸಿದೆವು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಆದರೆ ಅವರನ್ನು ಕೂರಿಸಲು ನೆರಳಿರಲಿಲ್ಲ, ಕಟ್ಟೆಯಿರಲಿಲ್ಲ, ಕುಡಿಯುವ ನೀರಿರಲಿಲ್ಲ. ಒಂದು ಪಕ್ಕ ಕಸದ ರಾಶಿ, ಇನ್ನೊಂದು ಪಕ್ಕ ದಾರಿ ಬಿಡಿರೆಂದು ಹಾರ್ನ್ ಹೊಡೆಯುವ ಮೋಟಾರ್ ಸೈಕಲ್ಲುಗಳು. ಹಡಪ್ಸರದ ಆಸೆ ಬಿಟ್ಟು ಸ್ವಾರ್‌ಗೇಟಿನಲ್ಲಿ ಚಹ ಕುಡಿದು ಮನೆ ಸೇರಿದೆವು.

ಅಂದಿನಿಂದ ನನಗೆ ಈ ವಿಷಯ ಬಿಡದು. 2018ರ ಸೆಪ್ಟೆಂಬರಿನಲ್ಲಿ ಇದೇ ಪ್ರದೇಶದಲ್ಲಿ ಕಾಲುವೆಯ ಗೋಡೆ ಒಡೆದು ಬಡವರ ಮನೆಗಳಿಗೆ ನೀರು ನುಗ್ಗಿತು. ಖಡಕ್‌ವಾಸ್ಲಾದಿಂದ ಫುರಸುಂಗಿಯವರೆಗೆ ನೀರನ್ನು ಸುರಂಗದಲ್ಲಿ ಒಯ್ಯುವ ಯೋಜನೆ ರೂಪುಗೊಂಡಿದೆ. ಅದು ಒಳ್ಳೆಯದೇ. ಹಾಗಾದಾಗ ನಗರದ ನಡುವೆ ತೆರವಾಗುವ ಈ ಸಮತಟ್ಟಾದ ಪಟ್ಟಿ ಯಾರಿಗೆ? ಮೋಟಾರು ರಸ್ತೆಗೆ ಎನ್ನುವವರುಂಟು. ಹಿಂದೆ ಸೈಕಲ್ಲುಗಳ ನಗರವೆನಿಸಿದ್ದ ಪುಣೆಗೆ ಇನ್ನೊಂದು ಮೋಟಾರು ರಸ್ತೆ ಬೇಕಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಾರಕ್ಕೆ 150 ನಿಮಿಷವಾದರೂ ವ್ಯಾಯಾಮ ಮಾಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಬಸ್ಸುಗಳ ಹೊಗೆಯಲ್ಲಿ ಕಳೆಯಬೇಕೇ? ಮತ ಕೇಳಲು ನಮ್ಮ ಸಂಘದ ಬಾಗಿಲಿಗೂ ಬರುವ ಮಹನೀಯರಿಗೆ ಈ ಪ್ರಶ್ನೆ ಹಾಕೋಣ.

ಆ ಮಿತ್ರರು ತಮ್ಮ ವೈದ್ಯರನ್ನು ಕಂಡುಬಂದಿದ್ದಾರೆ. ಮುಂದಿನ ಸವಾರಿ ಎಂದು ಎಂದು ಕೇಳಿದ್ದಾರೆ. ಈ ಸಲ ನಾಲ್ಕು ಇಡ್ಲಿ ತಿಂದೇ ಹೊರಡುವರಂತೆ.